ಮೀಸೆ ಮೀನು ಉಣ್ಣುವ ಹೊತ್ತು

ಗೊತ್ತಾದದ್ದನ್ನು ತಮ್ಮಲ್ಲೇ ಇಟ್ಟುಕೊಂಡು ಸುಮ್ಮನಿರುವ ಜನ ಸುಖವಾಗಿರುತ್ತಾರೆ. ನಾನು ಆ ಪೈಕಿಯವನಲ್ಲ. ಚಿತ್ತಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನಗೆ, ಏನಾದರೂ ತಿಳಿದರೆ ಅದನ್ನು ನಾಲ್ಕು ಜನರ ಮುಂದೆ ಮಾಡಿ ತೋರಿಸುವವರೆಗೆ ಅನ್ನ ಸೇರುವುದಿಲ್ಲ. ಹಾಲು ಏಕೆ ಉಕ್ಕುತ್ತದೆಂದು ಹೆಂಡತಿಗೆ ತೋರಿಸಲು ಹೋಗಿ ಒಲೆ ಒರೆಸಿದ್ದುಂಟು. ಅದಿರಲಿ, ಮೀನಿನ ವಿಷಯಕ್ಕೆ ಬರುತ್ತೇನೆ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಚಿಂಚೋಳಿ ಕಡೆಯ ಹಳ್ಳದಿಂದ ಸಣ್ಣ ಮೀಸೆ ಮೀನುಗಳನ್ನು ತಂದೆ. ಬೆರಳುದ್ದದ ನುಣುಪು ಮೈ, ಬಾಯಿಯ ಸುತ್ತ ಯಾವ ಪೈಲ್ವಾನನಿಗೂ ಇಲ್ಲದಂಥ ಮೀಸೆ. ಹಿಡಿಯಲು ನೆರವಾದವರು ನಮ್ಮ ದೈಹಿಕ ಶಿಕ್ಷಕ ಶರಣಪ್ಪ. ಅವರ ಆಸಕ್ತಿ ವಿಜ್ಞಾನದ್ದಲ್ಲ, ಸಾರಿನದು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ಸರ್, ನಿಮ್ಮ ಪ್ರದರ್ಶನ ಮುಗದ ಮ್ಯಾಲ ಇವು ನನಗ ಬೇಕ್ರಿ" ಎಂದರು.

ಈ ಮೀನುಗಳು ಹಗಲೆಲ್ಲ ಕಲ್ಲಿನಡಿ ಅಡಗಿರುತ್ತವೆ. ಕತ್ತಲಾದ ಮೇಲೆ ತಳದಲ್ಲಿ ಮೀಸೆಯಿಂದ ತಡಕಾಡುತ್ತ ಹುಳು, ಕೀಟದ ಮರಿ, ಕೊಳೆತ ಎಲೆಯ ಸಂದಿನಲ್ಲಿ ಸಿಕ್ಕಿದ ಚೂರುಪಾರು ತಿನ್ನುತ್ತವೆ. ಕಣ್ಣಿನ ಕೆಲಸ ಕಡಿಮೆ. ರುಚಿ ತಿಳಿಯುವುದು ಮೀಸೆಗೇ. ಮನೆಯ ಗಾಜಿನ ತೊಟ್ಟಿಯಲ್ಲಿ ಸಂಜೆ ಎರೆಹುಳುವಿನ ತುಂಡು ಹಾಕಿದರೆ ಬೆಳಿಗ್ಗೆ ಇರುತ್ತಿರಲಿಲ್ಲ. ಅವು ಉಣ್ಣುವುದನ್ನು ನಾನೂ ಕಂಡಿರಲಿಲ್ಲ. ಆದರೂ ಹುಮ್ಮಸ್ಸಿನಲ್ಲಿ ಶರಣಪ್ಪನವರಿಗೆ, "ಎಲ್ಲರ ಮುಂದ ಉಂಡ್ರ ಹಳ್ಳಕ್ಕ ವಾಪಸ್ ಬಿಡೋಣು. ಉಣ್ಣದಿದ್ರ ನಿಮ್ಮ ಸಾರಿಗೆ" ಎಂದು ಮಾತು ಕೊಟ್ಟುಬಿಟ್ಟೆ. ಈ ಪಂತದ ಸುದ್ದಿ ಊರಿಗೆಲ್ಲ ಹಬ್ಬಿತು.

ಪ್ರದರ್ಶನದ ದಿನ ಮೀನಿಗೆ ರಾತ್ರಿಯೆನಿಸಲೆಂದು ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಚಾದರ ಕಟ್ಟಿ, ಜನರಿಗೆ ಕಾಣಲೆಂದು ಒಂದೇ ಟ್ಯೂಬ್‌ಲೈಟ್ ಹಾಕಿದೆ. ಮುಖ್ಯ ಅತಿಥಿ ಶಾಂತಾಬಾಯಿ ಟೀಚರ್ ತೊಟ್ಟಿಯ ಪಕ್ಕದಲ್ಲೇ ಕುಳಿತರು. ನಮ್ಮ ಶಾಲೆಯಲ್ಲೇ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಶರಣಪ್ಪ ಹುಡುಗನಾಗಿದ್ದಾಗ ಅವರ ಕಿವಿ ಹಿಂಡಿದವರು. ಮಕ್ಕಳು ಬೆಂಚು ಹತ್ತಿ ನಿಂತರು. ಹುಳು ಹಾಕಿದೆ. ಮೀನು ಮಿಸುಕಲಿಲ್ಲ. ತೋಳೇರಿಸಿ ನೀರಿಗೆ ಕೈ ಹಾಕಿ ಕಲ್ಲು ಅಲುಗಾಡಿಸಿದೆ. ಇನ್ನೊಂದು ಕಲ್ಲಿನಡಿ ಹೋದವು.

"ಸರ್, ಸತ್ತಾವೇನ್ರಿ?" ಎಂದಳು ಒಬ್ಬ ಹುಡುಗಿ.

"ಇಲ್ಲ, ವಿಚಾರ ಮಾಡಾಕತ್ತಾವ" ಎಂದೆ.

ಶರಣಪ್ಪ ಕಿವಿಯ ಹತ್ತಿರ ಬಂದು, "ಉಪವಾಸ ಇದ್ರ ಸೊರಗ್ತಾವ್ರಿ ಸರ್. ಮಸಾಲಿ ಅರಿಲಿಕ್ಕ ಮನಿಗೆ ಫೋನ್ ಮಾಡ್ಲೇನ್ರಿ?" ಎಂದರು. ಮೀನುಗಳು ಹೊರಗೆ ಬರಲೆಂದು ನಾನು ತೊಟ್ಟಿ ಬಿಟ್ಟು ಆಚೆ ಗೋಡೆಗೆ ಸರಿದು ನಿಂತೆ. ಅಷ್ಟು ದೂರದಿಂದ ತಂದ ಜೀವಗಳು ನನ್ನ ಜಂಬಕ್ಕೆ ಸಾರಾಗುವುದು ಸಂಕಟದ ವಿಷಯವೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಗವ್ವೆನ್ನುವ ಕತ್ತಲು. ಮಕ್ಕಳು ಹೋ ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂದಾಗ ಮೀನುಗಳು ಕಲ್ಲಿನಡಿಯೇ ಇದ್ದವು. ಹುಳು ಮಾತ್ರ ಇರಲಿಲ್ಲ.

"ನೋಡಿದ್ರೇನ್ರಿ!" ಎಂದು ನಾನು ಕೂಗಿದೆ. ಯಾರೂ ನೋಡಿರಲಿಲ್ಲ.

"ಕತ್ತಲಾಗ ನೀವೇ ತಗದಿರಬೇಕ್ರಿ" ಎಂದರು ಶರಣಪ್ಪ. ಇಲ್ಲವೆನ್ನಲು ಕೈ ಚಾಚಿದೆ, ಮೊಣಕೈವರೆಗೂ ಒದ್ದೆ. ಕೋಣೆಯಲ್ಲಿ ನಗು ತುಂಬಿತು.

ಶಾಂತಾಬಾಯಿ ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನನ್ನ ಮಗ್ಗುಲಾಗ ಚುಳಕ್ ಅಂತ ಸಪ್ಪಳಾತು, ನೀರೂ ಸಿಡೀತು. ಸರ್ ಆ ಕಡಿ ಗ್ವಾಡಿಗೆ ನಿಂತಿದ್ರು. ಮೀನೇ ಉಂಡದ. ಇಷ್ಟು ಮಂದಿ ಬಾಯಿ ನೋಡ್ಕೋತ ನಿಂತ್ರ ನನಗೂ ತುತ್ತು ಇಳಿಯಂಗಿಲ್ಲ. ಶರಣಪ್ಪ, ಹೋಗಿ ಬಿಟ್ಟು ಬರ್ರಿ."

"ಆಗಲ್ರಿ ಟೀಚರ್" ಎಂದರು ಶರಣಪ್ಪ, ಕಿವಿ ಮುಟ್ಟಿಕೊಳ್ಳುತ್ತ.

ಭಾನುವಾರ ಮತ್ತೆ ಅದೇ ಬಸ್ಸು, ಅದೇ ಹಳ್ಳ. ಡಬ್ಬಿಯನ್ನು ಬಾಗಿಸಿದವರು ಶರಣಪ್ಪನವರೇ. ಮೀನುಗಳು ಒಮ್ಮೆಯೂ ತಿರುಗಿ ನೋಡದೆ ಕಲ್ಲುಗಳ ನಡುವೆ ಮಾಯವಾದವು. "ಭಾಳ ಸಣ್ಣವಿದ್ವು ಬಿಡ್ರಿ ಸರ್, ಸಾರಿಗೆ ಸಾಲ್ತಿದ್ದಿಲ್ಲ" ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಕಿರುಪರೀಕ್ಷೆಯಲ್ಲಿ, ಮೀಸೆ ಮೀನು ಯಾವಾಗ ಆಹಾರ ಸೇವಿಸುತ್ತದೆ ಎಂದು ಕೇಳಿದೆ. ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: "ಕರೆಂಟ್ ಹೋದಾಗ." ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದೆ. ತಪ್ಪು ಎನ್ನಲು ನನ್ನಲ್ಲಿ ಬೇರೆ ಸಾಕ್ಷಿ ಇರಲಿಲ್ಲ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.