ಅಂಚೆಮಾಸ್ತರರ ಬಾಕಿ ಕೆಲಸ

ತಾಳ್ಮೆಯ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಲಿಫ್ಟ್ ಮೆಕ್ಯಾನಿಕ್ ಮನೆ ಕೊಳ್ಳಲು ಹೊರಟ ದಿನವೇ ಹೆಂಡತಿಯೆದುರು ಘೋಷಿಸಿದ್ದ. ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನ ಅರ್ಧ ಕಸುಬು ಅದೇ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಒಳಗಿಂದ ದಬದಬ ಬಡಿಯುತ್ತಿದ್ದರೆ ಇವನು ಹೊರಗೆ ನಿಂತು, “ಗಾಬರಿ ಬೇಡಿ, ನಿಧಾನಕ್ಕೆ ಉಸಿರಾಡಿ, ಇನ್ನೇನು ಆಗೋಯ್ತು” ಎನ್ನುತ್ತಿದ್ದ. ಆ ‘ಇನ್ನೇನು’ ಎಷ್ಟೋ ಸಲ ಎರಡು ಗಂಟೆ ಹಿಡಿದದ್ದುಂಟು.

“ಎಷ್ಟೇ ತಡ ಆಗ್ಲಿ ಕಣೇ, ನಾನು ಬಂಡೆ!” ಎಂದ.

“ಬಂಡೆ ಆಮೇಲೆ ಆಗಿ. ಮೊದ್ಲು ಪಾತ್ರೆ ಪೆಟ್ಟಿಗೆಗೆ ತುಂಬಿ” ಎಂದಳು ಹೆಂಡತಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ವೈದ್ಯರ ಕೈಬರಹ ಓದಿ ಓದಿ ಜಗತ್ತಿನ ಯಾವ ಮಾತನ್ನೂ ಮೊದಲ ನೋಟಕ್ಕೆ ನಂಬದ ಸ್ವಭಾವ ಬಂದುಬಿಟ್ಟಿತ್ತು.

ಪಾತ್ರೆ ತುಂಬಿದರು. ಬಟ್ಟೆ ತುಂಬಿದರು. ಮನೆ ಮಾತ್ರ ಕೈಗೆ ಬರಲಿಲ್ಲ. ಮೊದಲ ಸಲ ಬ್ಯಾಂಕಿನವರ ಕಡೆಯಿಂದ ಮನೆ ನೋಡಬೇಕಾಗಿದ್ದ ಮನುಷ್ಯನ ಕಾಲು ಉಳುಕಿತು. ಎರಡನೆಯ ಸಲ ಅಳತೆಯವನು ಬಂದ, ಅಳೆದ, ಸಹಿ ಹಾಕಿದ; ಅಳೆದದ್ದು ಮಾತ್ರ ಪಕ್ಕದ ಮನೆಯನ್ನು! ಮೂರನೆಯ ಸಲ ವಕೀಲರ ಬೀರುವಿನ ಬೀಗದ ಕೈ ಬೀರುವಿನೊಳಗೇ ಉಳಿಯಿತು. ಪ್ರತಿ ಸಲವೂ ದಲ್ಲಾಳಿ ಫೋನ್ ಮಾಡಿ, “ಬರೋ ವಾರ ಗ್ಯಾರಂಟಿ” ಎನ್ನುತ್ತಿದ್ದ. ಗಂಡ ಹೆಂಡತಿ ಅವನಿಗೆ ಗ್ಯಾರಂಟಿ ಎಂದೇ ಹೆಸರಿಟ್ಟರು.

ಮನೆ ಒಬ್ಬ ನಿವೃತ್ತ ಲೆಕ್ಕದ ಟೀಚರಮ್ಮನದು. ಗಂಡ ಅಂಚೆಮಾಸ್ತರು, ಹೋಗಿ ಎರಡು ವರ್ಷ. ಟೀಚರಮ್ಮ ಪಕ್ಕದ ಬೀದಿಯಲ್ಲಿ ತಂಗಿಯ ಜೊತೆಗಿದ್ದರು. ಪರದೆಯ ಅಳತೆ ತೆಗೆದುಕೊಳ್ಳಲೆಂದು ಗ್ಯಾರಂಟಿ ಒಂದು ದಿನದ ಮಟ್ಟಿಗೆ ಕೊಟ್ಟ ಬೀಗದ ಕೈಯನ್ನು ವಾಪಸ್ ಕೇಳುವುದನ್ನು ಮರೆತ. ಮೆಕ್ಯಾನಿಕ್ ಕೊಡುವುದನ್ನು ಮರೆತ. ಅವನ ಮರೆವು ಅಷ್ಟೇನೂ ಪ್ರಾಮಾಣಿಕವಾಗಿರಲಿಲ್ಲ.

ಮೂರನೆಯ ಸಲ ದಿನ ಮುಂದೆ ಹೋದಾಗ ಬಂಡೆಯಲ್ಲಿ ಸಣ್ಣ ಬಿರುಕು ಬಿತ್ತು. ಬುಧವಾರ ಅವನಿಗೆ ಹಗಲು ಪಾಳಿ, ಸಂಜೆ ಐದಕ್ಕೆ ಬಿಡುವು. ‘ಸುಮ್ಮನೆ ನೋಡಿಕೊಂಡು ಬರೋಣ’ ಎಂದು ಹೋಗಿ ಬಾಗಿಲು ತೆರೆದ.

ಖಾಲಿ ಮನೆ. ಫೋಟೋ ಚೌಕಟ್ಟುಗಳನ್ನು ಕಳಚಿದಲ್ಲಿ ಗೋಡೆಯ ಮೇಲೆ ಬಿಳಿಯ ಚೌಕಗಳು ಕಣ್ಣುಬಿಟ್ಟು ಕುಳಿತಿದ್ದವು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೋ ಯೋಚಿಸಿ ಯೋಚಿಸಿ ಎಣಿಸಿದ ಹಾಗೆ, ಒಂದು ಹನಿ, ತಡೆದು ಇನ್ನೊಂದು. ಬಗ್ಗಿ ನೋಡಿದರೆ ನಲ್ಲಿಯ ಮೇಲಿನ ಗೋಡೆಯಲ್ಲಿ ಪೆನ್ಸಿಲಿನ ಬರಹ, ಇರುವೆ ಸಾಲಿನಂಥ ಅಕ್ಷರ: ‘ಸೋಮವಾರ ಖಂಡಿತ.’

ಕಿರುಗುಟ್ಟುವ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಅದೇ ಕೈ: ‘ರಜೆ ಬಂದಾಗ.’ ಬಚ್ಚಲಮನೆಯ ಚಿಲಕದ ಪಕ್ಕ: ‘ನಾಳೆ.’ ಮೆಟ್ಟಿಲಿನ ಅಲುಗಾಡುವ ಕಟಕಟೆಯ ಬುಡದಲ್ಲಿ: ‘ನೆನಪಿದೆ.’ ಮಹಡಿಯ ಕೋಣೆಯಲ್ಲಿ ಬಣ್ಣ ಮೆತ್ತಿಕೊಂಡು ಜನ್ಮದಲ್ಲೇ ತೆರೆಯದಂತೆ ಕಾಣುವ ಕಿಟಕಿಯ ಕೆಳಗೆ: ‘ಕೊನೆಗೆ ಇದು.’

ಮೆಕ್ಯಾನಿಕ್‌ ಇನ್ನೊಮ್ಮೆ ಸುತ್ತಿ ಎಲ್ಲವನ್ನೂ ಓದಿದ. ಮನೆಯ ತುಂಬ ಒಬ್ಬ ಸತ್ತ ಮನುಷ್ಯನ ವಾಯಿದೆಗಳು!

ಬೇರೆ ಯಾರಾದರೂ ಆಗಿದ್ದರೆ ಬಾಗಿಲೆಳೆದುಕೊಂಡು ಓಡುತ್ತಿದ್ದರು. ಇವನ ದುರಭ್ಯಾಸ ಬೇರೆ. ಲಿಫ್ಟಿನವರ ಯಂತ್ರಕೋಣೆಯಲ್ಲಿ ಒಂದು ಪುಸ್ತಕ ನೇತುಬಿದ್ದಿರುತ್ತದೆ. ಹಿಂದಿನ ಪಾಳಿಯವನು ಬರೆದಿಟ್ಟ ದೋಷವನ್ನು ಮುಂದಿನವನು ಸರಿಪಡಿಸಿ, ಅದರ ಕೆಳಗೇ ‘ಆಯಿತು’ ಎಂದು ಬರೆದು, ಗೀಟು ಎಳೆದು, ತಾರೀಕು ಹಾಕಬೇಕು. ಗೀಟು ಬೀಳದ ಸಾಲು ಕಂಡರೆ ಅವನಿಗೆ ಅನ್ನ ಇಳಿಯುವುದಿಲ್ಲ. ಚೀಲದಿಂದ ಹೊಸ ವಾಶರ್ ತೆಗೆದು ನಲ್ಲಿಗೆ ಹಾಕಿದ. ಹನಿ ನಿಂತಿತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ‘ಸೋಮವಾರ ಖಂಡಿತ’ದ ಕೆಳಗೆ ‘ಆಯಿತು’ ಎಂದು ಬರೆದು, ಗೀಟೆಳೆದು, ತಾರೀಕು ಹಾಕಿದ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಮನೆಯ ಕೆಲಸ ಒಂದು ಹೆಜ್ಜೆ ಮುಂದೆ ಹೋದಂತೆ ಅನಿಸಿತು.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋಕೆ ಹೋಗಿದ್ರಾ?” ಎನ್ನುತ್ತಾಳೆ.

ಆ ವಾರವೇ ಗ್ಯಾರಂಟಿಯ ಫೋನ್. ಈ ಸಲ ದನಿಯಲ್ಲಿ ಎಂದಿನ ಠೀವಿ ಇರಲಿಲ್ಲ. “ಸಾರ್, ಪೇಪರ್ ಎಲ್ಲಾ ರೆಡಿ. ಆದ್ರೆ ಟೀಚರಮ್ಮ ಸ್ವಲ್ಪ ದಿನ ಬೇಕು ಅಂತಾರೆ.”

“ಯಾಕಂತೆ?”

“ಸುಮ್ನೆ ಅಂತೆ.”

ಕಾರಣವಿಲ್ಲದ ತಡ! ಬುಧವಾರ ಹೋಗಿ ಬಾಗಿಲಿನ ತಿರುಗಣಿ ಸರಿಮಾಡಿ ಗೀಟೆಳೆದ. ಮತ್ತೆ ಮುಂದೂಡಿಕೆ. ಮುಂದಿನ ಬುಧವಾರ ಚಿಲಕ. ಮತ್ತೆ ಮುಂದೂಡಿಕೆ. ಅವನು ರಿಪೇರಿ ಮಾಡಿದಷ್ಟೂ ಮನೆ ದೂರ ಸರಿಯುತ್ತಿತ್ತು.

ನಾಲ್ಕನೆಯ ಬುಧವಾರ ಬೀಗ ತೆಗೆದು ಒಳಗೆ ಬಂದವನು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟ. ಅಲುಗಾಡುವ ಕಟಕಟೆಯ ಪಕ್ಕ, ಎರಡನೆಯ ಮೆಟ್ಟಿಲ ಮೇಲೆ, ತಟ್ಟೆ ಮುಚ್ಚಿಟ್ಟ ಒಂದು ಕಪ್ಪು. ಎತ್ತಿದರೆ ಚಹಾ. ಹಬೆಯಾಡುತ್ತಿತ್ತು.

“ಯಾರ್ರೀ ಅದು?” ಎಂದ. ಖಾಲಿ ಕೋಣೆಗಳು ಒಂದಾದ ಮೇಲೊಂದು ಅದನ್ನೇ ಕೇಳಿದವು. ಹಿಂಬಾಗಿಲಿಗೆ ಬೀಗ. ಕಿಟಕಿಗಳಿಗೆ ಚಿಲಕ. ಈ ದಿನ ತಾನು ಕಟಕಟೆಗೇ ಕೈ ಹಾಕುತ್ತೇನೆಂದು ಅವನ ಹೊರತು ಯಾರಿಗೂ ಗೊತ್ತಿರಲಿಲ್ಲ. ಹಿಂದೆ ಹಿಂದೆ ತಿರುಗಿ ನೋಡುತ್ತಲೇ ತಿರುಪು ಬಿಗಿದ. ‘ನೆನಪಿದೆ’ಯ ಕೆಳಗೆ ‘ಆಯಿತು’ ಬರೆಯುವಾಗ ಅಕ್ಷರ ವೈದ್ಯರದ್ದಕ್ಕಿಂತ ಕೆಟ್ಟಿತು. ಹೊರಡುವ ಮುನ್ನ ಕಪ್ಪನ್ನು ಮತ್ತೊಮ್ಮೆ ನೋಡಿದ. ಮಾಡಿಟ್ಟ ಚಹಾ ಚೆಲ್ಲುವ ಸಂಸ್ಕಾರ ಅವನದಲ್ಲ. ಕುಡಿದ. ಸಕ್ಕರೆ ಒಂದು ಚಮಚ ಹೆಚ್ಚಾಗಿತ್ತು.

ಐದನೆಯ ಬುಧವಾರ ಮಹಡಿಯ ಕಿಟಕಿಯ ಕೆಳಗೆ ಕಪ್ಪು ಆಗಲೇ ಕಾದಿತ್ತು. ಪಕ್ಕದಲ್ಲಿ ಎರಡು ಬಿಸ್ಕತ್ತು. ಬಿಸ್ಕತ್ತು ತಿಂದು ಕಿಟಕಿಯ ಮೇಲೆ ಬಿದ್ದ. ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ತಟ್ಟಿದ, ಭುಜ ಕೊಟ್ಟು ನೂಕಿದ. ಮೂವತ್ತು ಜನರ ಲಿಫ್ಟನ್ನು ಕೈಯಿಂದ ತಿರುಗಿಸಿ ಇಳಿಸಿದ ಮಹಾಶಯನಿಗೆ ಒಂದು ಮೊಳದ ಮರದ ರೆಕ್ಕೆ ಮಣಿಯಲಿಲ್ಲ. ಸೋತು, ಗೀಟೆಳೆಯದೆ ಬಂದ.

ಮನೆಗೆ ಬಂದರೆ ಅಲ್ಲಿ ಬೇರೆ ಸಿಡಿಲು. ಬಾಡಿಗೆ ಮನೆಯ ಯಜಮಾನರು ಬಂದು ಹೋಗಿದ್ದರು. ತಿಂಗಳ ಕೊನೆಗೆ ಹೊಸಬರು ಬರುತ್ತಾರೆ. ಇವರು ಖಾಲಿ ಮಾಡಲೇಬೇಕು. ಹತ್ತು ದಿನ ಉಳಿದಿತ್ತು.

“ಬಂಡೆಯವರೇ, ಈಗ ಏನ್ಮಾಡ್ತೀರಿ?” ಎಂದಳು ಹೆಂಡತಿ, ಒಂದು ಚಮಚಕ್ಕಾಗಿ ಮೂರನೆಯ ಪೆಟ್ಟಿಗೆ ಬಿಚ್ಚುತ್ತ.

ಸೋಮವಾರ ಗ್ಯಾರಂಟಿ ತಾನೇ ಬಂದ. ಕುಳಿತ. ನೀರು ಕೇಳಿದ. “ಇನ್ನು ಮುಚ್ಚಿಡೋಕೆ ಆಗಲ್ಲಮ್ಮಾ. ಟೀಚರಮ್ಮ ಮನೆ ಮಾರಲ್ವಂತೆ. ಮನೇಲಿ ಅವರ ಯಜಮಾನ್ರಿದ್ದಾರಂತೆ.”

“ಅವರು ಹೋಗಿ ಎರಡು ವರ್ಷ ಆಯ್ತಲ್ರೀ?”

“ಅದನ್ನೇ ನಾನೂ ಕೇಳ್ದೆ. ಈಗ ವಾಪಸ್ ಬಂದಿದ್ದಾರಂತೆ. ಬದುಕಿದ್ದಾಗ ಮಾಡ್ತೀನಿ ಮಾಡ್ತೀನಿ ಅಂತ ಗೋಡೆ ಮೇಲೆ ಬರೆದಿಟ್ಟಿದ್ದ ಕೆಲಸ ಎಲ್ಲಾ ಒಂದೊಂದಾಗಿ ಮುಗಿಸ್ತಿದ್ದಾರಂತೆ. ಕೆಳಗೆ ತಾರೀಕು ಬೇರೆ ಹಾಕ್ತಾರಂತೆ! ಎಲ್ಲಾ ಬುಧವಾರಾನೇ. ಲೆಕ್ಕದ ಟೀಚರಲ್ವಾ, ಕಂಡುಹಿಡಿದುಬಿಟ್ರು. ಅಕ್ಷರ ಅವರದ್ದೇನಾ ಅಂದ್ರೆ, ಸತ್ತ ಮೇಲೆ ಅಕ್ಷರ ಬದಲಾಗಲ್ವಾ ಅಂತಾರೆ! ಚಹಾ ಇಟ್ಟು ಬಂದ್ರಂತೆ. ಕಪ್ಪು ಖಾಲಿಯಂತೆ!” ಗ್ಯಾರಂಟಿ ದನಿ ತಗ್ಗಿಸಿದ. “ಬಿಸ್ಕತ್ತೂ ಇಲ್ವಂತೆ.”

ಹೆಂಡತಿ ಸೆರಗು ಹೊದ್ದುಕೊಂಡಳು. “ಅಯ್ಯೋ, ಬೇಡಪ್ಪಾ ಆ ಮನೆ! ಏನ್ರೀ, ಯಾಕೆ ಹೀಗೆ ಬೆವರ್ತಿದ್ದೀರಿ?”

ಮೆಕ್ಯಾನಿಕ್ ‘ಒಡೆಯುವ ವಸ್ತು’ ಎಂದು ಬರೆದಿದ್ದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. ಒಳಗೆ ಏನೋ ಒಡೆಯಿತು. “ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿದ್ರು” ಎಂದ.

ಹೆಂಡತಿ ಹತ್ತು ನಿಮಿಷ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಹನ್ನೊಂದನೆಯ ನಿಮಿಷಕ್ಕೆ ಚಪ್ಪಲಿ ಮೆಟ್ಟಿ, “ನಡೀರಿ. ಭೂತದ ವೇಷ ಕಳಚಿ ಬರೋಣ” ಎಂದಳು.

ಟೀಚರಮ್ಮ ತಂಗಿಯ ಮನೆಯ ಜಗುಲಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಮೆಕ್ಯಾನಿಕ್ ಬೀಗದ ಕೈಯನ್ನು ಅವರ ಮುಂದಿಟ್ಟು, ತಪ್ಪು ಮಾಡಿದ ವಿದ್ಯಾರ್ಥಿಯಂತೆ ಕೈಕಟ್ಟಿ ನಿಂತ.

“ನಲ್ಲಿ?”

“ನಾನೇ, ಟೀಚರ್.”

“ಬಾಗಿಲು, ಚಿಲಕ, ಕಟಕಟೆ?”

“ಎಲ್ಲಾ ನಾನೇ.”

“ನಾನು ಎದುರಿಗಿದ್ರೆ ನಮ್ಮ ಯಜಮಾನ್ರು ಕೆಲಸ ಮಾಡಲ್ಲ ಅಂತ, ಅವರು ಅಂಚೆ ಕಚೇರಿ ಮುಗಿಸಿ ಬರ್ತಿದ್ದ ಹೊತ್ತಿಗೆ ಸರಿಯಾಗಿ ಚಹಾ ಇಟ್ಟು ಓಡಿ ಬರ್ತಿದ್ದೆ” ಎಂದರು ಟೀಚರಮ್ಮ. “ಅಂದ್ರೆ ಅವರು ಒಂದೂ ಮಾಡ್ಲಿಲ್ಲ?”

“ಇಲ್ಲ.”

“ಸತ್ತ ಮೇಲೂ?”

ಮೆಕ್ಯಾನಿಕ್ ನೆಲ ನೋಡಿದ. “ಸತ್ತ ಮೇಲೂ.”

“ಮೂವತ್ತೆಂಟು ವರ್ಷ ಮಾಡದೇ ಇದ್ದ ಮನುಷ್ಯ ಈಗ ಬಂದು ಮಾಡ್ತಾರೆ ಅಂತ ನಂಬಿದ್ನಲ್ಲ! ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು!” ಟೀಚರಮ್ಮ ಕೈ ಚಾಚಿದರು. “ಎಲ್ಲಿ ನಿಮ್ಮ ಪೇಪರು? ತನ್ನಿ ಇಲ್ಲಿ!”

ಗ್ಯಾರಂಟಿ ಕಾಗದ ಹರಡಿದ ವೇಗಕ್ಕೆ ಗಾಳಿ ಬೀಸಿತು. ಟೀಚರಮ್ಮ ಪೆನ್ನು ಹಿಡಿದರು, ಊರಿದರು, ತಡೆದರು.

“ಆ ಮಹಡಿ ಕಿಟಕಿನೂ ನೀವೇನಾ?”

“ಯಾವ್ದು, ಟೀಚರ್?”

“ಮೊನ್ನೆ ಶುಕ್ರವಾರ ಹೋದಾಗ ತೆಗೆದಿತ್ತು. ಕೆಳಗೆ ‘ಆಯಿತು’ ಅಂತ ಬರೆದಿತ್ತು.”

ಶುಕ್ರವಾರ ಬೆಳಗಿನಿಂದ ಕತ್ತಲಾಗುವವರೆಗೆ ಮೆಕ್ಯಾನಿಕ್ ಹನ್ನೆರಡನೆಯ ಮಹಡಿಯ ಲಿಫ್ಟಿನ ನೆತ್ತಿಯ ಮೇಲಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಇನ್ನೊಬ್ಬನ ಕೆಲಸದ ಕೆಳಗೆ ತನ್ನ ಗೀಟು ಎಳೆದವನಲ್ಲ. ಬಾಯಿ ತೆರೆದ. ಹೆಂಡತಿಯ ಹಿಮ್ಮಡಿ ಅವನ ಹೆಬ್ಬೆರಳ ಮೇಲೆ ನಿಧಾನವಾಗಿ ಇಳಿಯಿತು.

“ಹೌದು” ಎಂದ. “ಅದೂ ನಾನೇ.”

ಟೀಚರಮ್ಮ ಸಹಿ ಮಾಡಿದರು. ಪೆನ್ನಿನ ಮುಚ್ಚಳ ಹಾಕುತ್ತ, ಯಾರಿಗೂ ಅಲ್ಲವೆಂಬಂತೆ, “ಅದೊಂದಾದ್ರೂ ಅವರದ್ದಾಗಿದ್ರೆ ಚೆನ್ನಾಗಿತ್ತು” ಎಂದರು.

ವಾರದಲ್ಲಿ ನೋಂದಣಿಯೂ ಆಯಿತು, ಪೆಟ್ಟಿಗೆಗಳೂ ಬಂದವು. ಮೆಕ್ಯಾನಿಕ್ ಮೊದಲು ಮಹಡಿ ಹತ್ತಿದ. ಕಿಟಕಿಯ ರೆಕ್ಕೆ ಕಿರುಬೆರಳಿಗೆ ಬೆಣ್ಣೆಯಲ್ಲಿ ಚಾಕು ಹೋದಂತೆ ಸರಿಯಿತು. ‘ಕೊನೆಗೆ ಇದು’ ಎಂಬುದರ ಕೆಳಗೆ ‘ಆಯಿತು.’ ಗೀಟಿಲ್ಲ. ತಾರೀಕಿಲ್ಲ. ಹೆಂಡತಿ ಹಿಂದಿನಿಂದ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮೇಲಿನ ಸಾಲು, ಕೆಳಗಿನ ಸಾಲು, ಮತ್ತೆ ಮೇಲಿನದು.

“ಒಂದೇ ಕೈ” ಎಂದಳು ಮೆಲ್ಲಗೆ.

ತೆರೆದ ಕಿಟಕಿಯಿಂದ ಸಂಜೆಯ ಬೆಳಕು ನೆಲದ ಮೇಲೆ ಬಿದ್ದಿತ್ತು. ಇಬ್ಬರೂ ಅದನ್ನು ತುಳಿಯದೆ ನಿಂತರು.

“ಟೀಚರಮ್ಮಂಗೆ ಹೇಳ್ಬೇಕು ಕಣೇ.”

“ಮನೆ ವಾಪಸ್ ಕೇಳಿದ್ರೆ?”

“ಹೇಳ್ದೆ ಇದ್ರೆ ನಂಗೆ ಅನ್ನ ಇಳಿಯಲ್ಲ.”

ಹೆಂಡತಿ ಅವನ ಹೆಬ್ಬೆರಳನ್ನೊಮ್ಮೆ ನೋಡಿದಳು. ಆಮೇಲೆ ತಾನೇ ಹೋಗಿ ಕರೆತಂದಳು.

ಟೀಚರಮ್ಮ ಮೆಟ್ಟಿಲು ಹತ್ತಿ ಬಂದರು. ಮೆಕ್ಯಾನಿಕ್ ತೊದಲುತ್ತ ತನ್ನ ಸುಳ್ಳನ್ನು ಒಪ್ಪಿಕೊಂಡ. ಅವರು ಅಕ್ಷರವನ್ನು ಓದಿದರು. ಕಿಟಕಿ ಮುಚ್ಚಿದರು, ತೆರೆದರು. ಆಮೇಲೆ ಬಗ್ಗಿ, ಕಿಟಕಿಯ ಕೆಳಗೆ ನೆಲದ ಮೇಲೆ ಉದುರಿಬಿದ್ದಿದ್ದ ಹಳೆಯ ಬಣ್ಣದ ಚಕ್ಕೆಗಳನ್ನು ಬೆರಳಿನಿಂದ ಕೆದಕಿದರು. ಅವರ ಮುಖ ಅರಳಿತು.

“ನಮ್ಮ ಯಜಮಾನ್ರೇ!” ಎಂದರು. “ಅಕ್ಷರ ಯಾರು ಬೇಕಾದ್ರೂ ಬರೀಬಹುದು. ಕೆಲಸ ಮಾಡಿ ಕಸ ಗುಡಿಸದೆ ಎದ್ದು ಹೋಗೋರು ಪ್ರಪಂಚದಲ್ಲಿ ಇವರೊಬ್ಬರೇ.”

“ಒಬ್ಬರೇ ಅಲ್ಲ ಬಿಡಿ, ಟೀಚರ್” ಎಂದಳು ಹೆಂಡತಿ. “ಮನೆ ನಿಮಗೆ...?”

“ಬೇಡಮ್ಮಾ. ಒಂದು ಕೆಲಸ ಮುಗಿಸೋಕೆ ನಲವತ್ತು ವರ್ಷ. ಇನ್ನೊಂದಕ್ಕೆ ಕಾಯೋಕೆ ನನ್ನ ಕೈಲಾಗಲ್ಲ. ನೀವೇ ಇಟ್ಕೊಳ್ಳಿ, ಇವರನ್ನೂ ಸೇರಿಸಿ.”

ಇಬ್ಬರು ಹೆಂಗಸರೂ ಒಟ್ಟಿಗೆ ತಿರುಗಿ ನೋಡಿದರು. ತಾಳ್ಮೆಯ ಬಂಡೆ ಕೆಳಗಿಳಿದು, ನಾಲ್ಕು ಪೆಟ್ಟಿಗೆ ಬಿಚ್ಚಿ, ಪೊರಕೆ ಹುಡುಕಿ ತಂದು, ತನಗಿಂತ ಚೆನ್ನಾಗಿ ಕಿಟಕಿ ತೆರೆದಿದ್ದ ಪುಣ್ಯಾತ್ಮನ ಕಸ ಗುಡಿಸತೊಡಗಿದ.