ಇಪ್ಪತ್ತಮೂರು ಸಲ ನೋಡಿದ ‘ಉಲ್ಕಾವೀರ’

ಹಳೇಬೀಡಿನ ಹೈಸ್ಕೂಲು ಗುಮಾಸ್ತ ಮುರಳೀಕೃಷ್ಣ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಆಕಾಶದಲ್ಲಿ ಹಾರುವ ‘ಉಲ್ಕಾವೀರ’ನ ಸಿನಿಮಾವನ್ನು ಇಪ್ಪತ್ತಮೂರು ಸಲ ನೋಡಿದ್ದೇನೆ ಎಂಬುದು. ನಿಜಕ್ಕೂ ಒಂದು ಸಲವೂ ನೋಡಿರಲಿಲ್ಲ. ಅದು ಅರಸೀಕೆರೆಗೆ ಬಂದಾಗ ಅವನಿಗೆ ಹತ್ತು ವರ್ಷ. ಎಷ್ಟು ಅತ್ತರೂ ಅಪ್ಪ ಬಿಟ್ಟಿರಲಿಲ್ಲ. ಹುಲಿಕೆರೆ ಕೊಳದ ಮೆಟ್ಟಿಲ ಮೇಲೆ ಕೂರಿಸಿಕೊಂಡು ಪೂರ್ತಿ ಕತೆ ಹೇಳಿದವನು ಗೆಳೆಯ ಹುಚ್ಚಣ್ಣ. ಕಡೆಯಲ್ಲಿ ವೀರ ಇಡೀ ರೈಲನ್ನು ಹೆಗಲ ಮೇಲೆ ಹೊತ್ತು ಹಾರುತ್ತಾನಂತೆ! ಅದನ್ನೇ ಮುರಳಿ ಸ್ಟಾಫ್‌ರೂಮಿನಲ್ಲಿ ಕಣ್ಣಾರೆ ಕಂಡಂತೆ ಹೇಳುತ್ತಿದ್ದ.

ಇಪ್ಪತ್ತೈದು ವರ್ಷದ ಮೇಲೆ, ಅದೇ ಸಿನಿಮಾದ ಎರಡನೇ ಭಾಗ ಅರಸೀಕೆರೆಗೆ ಬಂತು.

“ರೀ ಮುರಳಿ, ನಾಳೆ ಸ್ಟಾಫೆಲ್ಲ ವ್ಯಾನ್ ಮಾಡ್ಕೊಂಡು ಹೋಗೋಣ ಅಂತಿದೀವಿ. ಇವತ್ತು ಮ್ಯಾಟಿನಿಗೆ ನೀವು ಹೋಗ್ಬನ್ನಿ” ಎಂದರು ಹೆಡ್‌ಮಾಸ್ಟರ್ ಭಾಷ್ಯಂ. “ಮೊದಲನೇದಕ್ಕೆ ಸಮ ಇದೆಯಾ ಅಂತ ಹೇಳೋಕೆ ನಿಮ್ಮನ್ನ ಬಿಟ್ರೆ ಯಾರಿದಾರೆ? ಆ ರೈಲಿನ ಸೀನಿಗೆ ನಾನೇ ಅತ್ತುಬಿಟ್ಟಿದ್ದೆ ಕಣ್ರೀ!”

ಮುರಳಿ ತಲೆಯಾಡಿಸಿ ಬಸ್‌ಸ್ಟ್ಯಾಂಡಿಗೆ ಓಡಿದ. ಹೆಚ್ಚುಕಮ್ಮಿಯಾದರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು.

ಅರಸೀಕೆರೆ ಬಸ್ಸಿನಲ್ಲಿ ಜಾವಗಲ್‌ವರೆಗೆ ತೆಂಗಿನಕಾಯಿ ಮೂಟೆಯ ಮೇಲೆ ಒಂಟಿಕಾಲಲ್ಲಿ ನಿಂತ. ಆಮೇಲೆ ಬಸ್ಸು ಪಂಕ್ಚರ್. ಥಿಯೇಟರ್ ಮುಟ್ಟುವಷ್ಟರಲ್ಲಿ ಹೆಸರು ತೋರಿಸುವುದೆಲ್ಲ ಮುಗಿದಿತ್ತು. ಕತ್ತಲಲ್ಲಿ ಯಾರದೋ ಕಾಲು ತುಳಿದು, ಬೈಸಿಕೊಂಡು, ಕೂತು ತಲೆಯೆತ್ತಿದ.

ಅಬ್ಬಾ! ಮೋಡ ಸೀಳಿಕೊಂಡು ಉಲ್ಕಾವೀರ ಇಳಿಯುತ್ತಿದ್ದ. ಒಡೆದ ಅಣೆಕಟ್ಟಿಗೆ ಬೆನ್ನು ಕೊಟ್ಟು, ಊರಿಗೆ ಊರನ್ನೇ ಕಾಯುತ್ತಿದ್ದ. ಮುರಳಿಯ ಮೈ ಜುಮ್ಮೆಂದಿತು. ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಬಿಚ್ಚಲೂ ಇಲ್ಲ. ಇಷ್ಟು ವರ್ಷವಾದರೂ ಹೀರೋಗೆ ಒಂದು ನರೆಗೂದಲಿಲ್ಲ! ಪರದೆ ತುಂಬ ಗೀರುಗಳಿದ್ದವು. ಹಳೆಯ ನೆನಪು ಬರಲೆಂದೇ ಹೀಗೆ ತೆಗೆದಿದ್ದಾರೆಂದು ತಲೆದೂಗಿದ. ಕೊನೆಗೆ ಕಣ್ಣೊರೆಸಿಕೊಂಡೇ ಎದ್ದ.

ಸಂಜೆ ಹಳೇಬೀಡಿನ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸ್ಟಾಫೆಲ್ಲ ಕಾದಿತ್ತು.

“ಮೊದಲನೇದು ಇದರ ಕಾಲಧೂಳಿಗೂ ಸಮ ಇಲ್ಲ ಸಾರ್! ಅದರಲ್ಲಿ ಬರೀ ರೈಲು. ಇದರಲ್ಲಿ ಅಣೆಕಟ್ಟು!” ಎಂದ ಮುರಳಿ.

“ಹೌದೌದು, ರೈಲೇನು ಮಹಾ” ಎಂದು ಭಾಷ್ಯಂ ತಲೆಯಾಡಿಸಿದರು.

ಮುರಳಿ ಬಂದ ಬಸ್ಸಿನಿಂದಲೇ ಥಿಯೇಟರಿನ ತಿಮ್ಮಯ್ಯ ಇಳಿದಿದ್ದ. ಕೈಯಲ್ಲಿ ಪೋಸ್ಟರು, ಗೋಂದಿನ ಬಕೀಟು.

“ಅಣೆಕಟ್ಟು ಒಂದ್ನೇದ್ರಲ್ಲಿ ಐತೆ ಸ್ವಾಮಿ” ಎಂದ. “ಎರಡ್ನೇದ್ರ ರೀಲ್ ಡಬ್ಬ ಬರ್ಲಿಲ್ಲ. ಜನ ಗಲಾಟೆ ಮಾಡ್ತಾರೆ ಅಂತ ಮ್ಯಾಟಿನಿಗೆ ಹಳೇದನ್ನೇ ಬಿಟ್ವಿ. ಹೊಸದು ನಾಳೆ ಒಂದೇ ದಿನ. ರೈಲಾ? ಅದ್ರಲ್ಲಿ ಯಾವ ರೈಲೂ ಇಲ್ವಲ್ಲ!”

ಟೀ ಲೋಟಗಳು ಗಾಳಿಯಲ್ಲೇ ನಿಂತವು.

“ಹಾಗಾದ್ರೆ ಇಪ್ಪತ್ತಮೂರು ಸಲ ನೀವು ನೋಡಿದ್ದೇನು ಸಾರ್?” ಮೇಧಿನಿ ಟೀಚರ್ ಕೇಳಿದ್ದು ಮುರಳಿಯನ್ನು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಥಟ್ಟನೆ ಎದ್ದು ನಿಂತವರು ಭಾಷ್ಯಂ.

“ಇಂಥ ಸುಳ್ಳುಗಾರರನ್ನ ನಾನು ಕಂಡಿಲ್ಲ! ನಾಳೆ ಸ್ಕೂಲಲ್ಲಿ ಪೋಲಿಯೋ ಹನಿ ಹಾಕೋ ಬೂತಲ್ಲಿ ನೀವೇ ಕೂತ್ಕೊಳ್ಳಿ. ವ್ಯಾನಲ್ಲಿ ಜಾಗ ಇಲ್ಲ.”

ಮುರಳಿಗೆ ಬೈಗುಳ ನಾಟಲೇ ಇಲ್ಲ. ಹತ್ತು ವರ್ಷದವನಿದ್ದಾಗ ಅತ್ತು ಹಠ ಮಾಡಿದ ಸಿನಿಮಾವನ್ನು ಕಡೆಗೂ ನೋಡಿಬಿಟ್ಟೆನಲ್ಲ! ಆ ಸಂತೋಷ ಎದೆಯಲ್ಲಿ ಉಕ್ಕಿತು. ಆದರೆ ಎರಡನೆಯದು?

ಭಾಷ್ಯಂ ಪಕ್ಕಕ್ಕೆ ಬಂದು, ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿದರು.

“ಬೇಜಾರು ಮಾಡ್ಕೋಬೇಡಿ ಕಣ್ರೀ. ಸೋಮವಾರ ಪೂರ್ತಿ ಕತೆ ನಾನೇ ಕೂತು ಹೇಳ್ತೀನಿ.”