ಐರ್ಲೆಂಡಿನ ಅಕ್ಕನ ಕಾಗದಗಳು

ಬೇರೆಯವರ ಕಾಗದ ಓದಬಾರದು ಅಂತ ಬೈಸಿಕೊಂಡು ಬೆಳೆದವನು ನಾನು. ಈಗ ಅರವತ್ತೆಂಟರಲ್ಲಿ ದಿನಾ ಬೆಳಿಗ್ಗೆ ಅದೇ ಕೆಲಸ. ಹಾಗಾಗಿ ತ್ಯಾಗರಾಜನಗರದ ನಮ್ಮ ಮನೆಯಲ್ಲಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಐರ್ಲೆಂಡಿನ ಒಂದು ಗ್ರಂಥಾಲಯ ಹಳೇ ಕುಟುಂಬಗಳ ಕಾಗದಗಳ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿದೆ. ಆ ಕೈಬರಹ ಓದಿ ಟೈಪ್ ಮಾಡಿಕೊಡೋದಕ್ಕೆ ಯಾವ ದೇಶದವರಾದರೂ ಸೇರಬಹುದು. ಚಾಮರಾಜಪೇಟೆಯಲ್ಲಿ ನಲವತ್ತು ವರ್ಷ ಔಷಧಿ ಅಂಗಡಿ ಇಟ್ಟಿದ್ದವನು ನಾನು. "ಡಾಕ್ಟರುಗಳು ಗೀಚಿದ್ದನ್ನೇ ಓದಿದೀರಿ, ಇದೇನಪ್ಪ ಮಹಾ," ಅಂತ ಮಗಳು ನನ್ನ ಹೆಸರು ಸೇರಿಸಿಬಿಟ್ಟಳು.

ನನ್ನ ಪಾಲಿಗೆ ಬಂದದ್ದು ಅಕ್ಕತಂಗಿಯರಿಬ್ಬರ ಕಾಗದದ ಕಟ್ಟು. ಅಕ್ಕ ಹಳ್ಳಿಯಲ್ಲಿ ಹಸು, ಕೋಳಿ ಸಾಕಿಕೊಂಡಿದ್ದವಳು. ತಂಗಿ ಅಮೆರಿಕಕ್ಕೆ ಹೋಗಿ ಯಾರದೋ ಮನೆಯಲ್ಲಿ ಅಡುಗೆಗೆ ನಿಂತವಳು. ಇಬ್ಬರೂ ತೀರಿಕೊಂಡು ನೂರು ವರ್ಷದ ಹತ್ತಿರ ಆಯಿತು.

ಕತ್ತು

ಮೊದಲ ಕಾಗದ ನೋಡಿಯೇ ಗಾಬರಿಯಾದೆ. ಅಕ್ಕ ಹಾಳೆ ತುಂಬ ಬರೆದು, ಜಾಗ ಸಾಲದೆ, ಹಾಳೆಯನ್ನು ಅಡ್ಡ ತಿರುಗಿಸಿ ಅದೇ ಸಾಲುಗಳ ಮೇಲೆ ಮತ್ತೆ ಬರೆದಿದ್ದಳು. ಕಾಗದ ಉಳಿಸೋದಕ್ಕೆ ಆಗ ಹಾಗೇ ಮಾಡ್ತಿದ್ದರಂತೆ. ಒಂದು ಅಕ್ಷರವೂ ಇನ್ನೊಂದರಲ್ಲಿ ಕಲೆಸಿಹೋಗಿಲ್ಲ, ಅಂಥ ಕೈ ಅವಳದು. ಲ್ಯಾಪ್‌ಟಾಪಿನಲ್ಲಿ ಚಿತ್ರ ತಿರುಗಿಸೋದು ನನಗೆ ಗೊತ್ತಿರಲಿಲ್ಲ. ಕತ್ತನ್ನೇ ಭುಜಕ್ಕೆ ಒರಗಿಸಿಕೊಂಡು ಓದುತ್ತಿದ್ದೆ.

ಕಾಫಿ ತಂದ ಹೆಂಡತಿ, "ಕತ್ತು ಹಿಡ್ಕೊಂಡಿದೆಯೇನ್ರೀ?" ಅಂತ ಮುಲಾಮು ತಂದು ತಿಕ್ಕೋದಕ್ಕೆ ಶುರುಮಾಡಿದಳು.

ನಿಜ ಹೇಳಿದೆ. ಆದರೆ ಹತ್ತು ನಿಮಿಷ ಬಿಟ್ಟು.

ಗಂಡು

ಅಕ್ಕನ ಎಲ್ಲ ಕಾಗದವೂ "ಬರೆಯೋದಕ್ಕೆ ವಿಶೇಷ ಏನಿಲ್ಲ" ಅಂತ ಶುರುವಾಗಿ ಆರು ಪುಟ ಓಡುತ್ತದೆ. ಹಸು ಕರು ಹಾಕಿತು, ಪಾದ್ರಿಗಳಿಗೆ ಕೆಮ್ಮು, ಪಕ್ಕದ ಮನೆಯವನು ಮದುವೆ ಮಾತಾಡೋದಕ್ಕೆ ಬಂದು ಹವಾಮಾನ ಮಾತಾಡಿ ಎದ್ದುಹೋದ. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಹೆಂಡತಿ ಸಾಯಂಕಾಲ ಗವಿಪುರಂ ದೇವಸ್ಥಾನದಲ್ಲಿ ಗೆಳತಿಯರಿಗೆ ಒಪ್ಪಿಸುತ್ತಿದ್ದಳು.

ಒಂದು ದಿನ ಮೆಲ್ಲಗೆ ಬಂದು ಕೂತಳು.

"ರೀ, ದೇವಸ್ಥಾನದಲ್ಲಿ ಒಬ್ಬರು ಅಕ್ಕನ ಜಾತಕ ಕೇಳಿದರು."

"ಯಾವ ಅಕ್ಕ?"

"ನಮ್ಮ ಐರ್ಲೆಂಡಿನವಳು. ಇಷ್ಟು ಅಚ್ಚುಕಟ್ಟಾದ ಹುಡುಗಿ, ಅವರ ತಮ್ಮನಿಗೆ ಆಗಬಹುದಂತೆ."

"ತೀರಿಕೊಂಡಿದಾಳೆ ಅಂತ ಹೇಳಲಿಲ್ವಾ?"

"ಹೇಗ್ರೀ ಹೇಳಲಿ, ಅಷ್ಟು ಆಸೆಯಿಂದ ಕೇಳ್ತಿದ್ದರು. ಹುಡುಗಿಗೆ ವಯಸ್ಸು ಸ್ವಲ್ಪ ಜಾಸ್ತಿ ಅಂದೆ."

ಹನ್ನೊಂದು ಕಾಗದ

ಒಂದು ವರ್ಷ ತಂಗಿ ಅಕ್ಕನ ಮೇಲೆ ಮುನಿಸಿಕೊಂಡು ಬರೆಯೋದನ್ನೇ ಬಿಟ್ಟಳು. ತೀರಿಕೊಂಡ ಅಮ್ಮನ ಶಾಲು ಯಾರಿಗೆ ಅಂತ ಜಗಳ. ಅಕ್ಕ ಮಾತ್ರ ಬಿಡಲಿಲ್ಲ. ಉತ್ತರವಿಲ್ಲದೆ ಹನ್ನೊಂದು ಕಾಗದ ಬರೆದಳು. ಒಂದರಲ್ಲೂ ಬೈಗುಳವಿಲ್ಲ, ಅಳುವಿಲ್ಲ. ಹನ್ನೆರಡನೆಯದು ತಂಗಿಯದು: "ಕರು ಹೇಗಿದೆ?" ಜಗಳದ ಮಾತೇ ಇಲ್ಲ.

ಅದನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಹೆಂಡತಿ ಎದ್ದು ಒಳಗೆ ಹೋದಳು. ಅವಳೂ ಮಲ್ಲೇಶ್ವರದಲ್ಲಿರೋ ಅವಳ ತಂಗಿಯೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಒಂದು ನಾಮಕರಣದಲ್ಲಿ ಇವಳ ಒಬ್ಬಟ್ಟು ತಿಂದು ತಂಗಿ, "ಚಪಾತಿ ಮೆತ್ತಗಿದೆ," ಅಂದಿದ್ದಳು.

ಅವತ್ತೇ ನಾಲ್ಕು ಪುಟ ಬರೆದು ಅಂಚೆಗೆ ಹಾಕಿ ಬಂದಳು. ಮೂರು ದಿನ ಕಾದು, ತಡೆಯಲಾರದೆ ಫೋನ್ ಮಾಡಿದಳು.

"ನನ್ನ ಕಾಗದ ಬಂತಾ?"

"ಇಲ್ವಲ್ಲಕ್ಕ. ಏನು ಬರೆದಿದೀಯ?"

"ನಿನ್ನ ಮೇಲೆ ಕೋಪ ಇಲ್ಲ ಅಂತ. ಬಂದ ಮೇಲೆ ಮಾತಾಡ್ತೀನಿ," ಅಂತ ಫೋನ್ ಇಟ್ಟುಬಿಟ್ಟಳು.

ಎರಡು ದಿನ ಬಿಟ್ಟು ತಂಗಿಯೇ ಆಟೋದಲ್ಲಿ ಬಂದಿಳಿದಳು. ಕೈಯಲ್ಲಿ ಒಡೆಯದ ಲಕೋಟೆ. "ಕನ್ನಡಕ ಮರೆತೆ, ನೀನೇ ಓದಕ್ಕ," ಅಂದಳು. ಕನ್ನಡಕ ಹಣೆಯ ಮೇಲೆಯೇ ಇತ್ತು.

ಹೆಂಡತಿ ಓದಿದಳು. ಮೂರೂಮುಕ್ಕಾಲು ಪುಟ ತಂಗಿ ಚಿಕ್ಕಂದಿನಿಂದ ಮಾಡಿದ ತಪ್ಪುಗಳ ಪಟ್ಟಿ. ಕೊನೆಗೆ ಒಂದು ಸಾಲು, ಕೋಪವಿಲ್ಲ ಅಂತ. ಓದಿ ಮುಗಿಸಿ ಕಾಗದ ಮಡಚಿದಳು.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತುಂಬ ಚೆನ್ನಾಗಿ ಬರೆದಿದೀಯಕ್ಕ. ಆದ್ರೆ ಮೂರನೇ ಪುಟದ್ದು ನನ್ನ ತಪ್ಪಲ್ಲ, ನಮ್ಮ ಓರಗಿತ್ತಿದು. ಅವಳಿಗೆ ಬೇರೆ ಬರಿ. ವಿಳಾಸ ಕೊಡ್ತೀನಿ."